ಮೊಣಕಾಲೂರಿದ ಗೆಲುವು

ನಾನು ಸುರಪುರದಲ್ಲಿ ಹುಡುಗಿಯರಿಗೆ ರಗ್ಬಿ ಕಲಿಸುತ್ತೇನೆ. ತಂಡದ ರೇಷ್ಮಾಳ ಭುಜಕ್ಕೆ ಪೆಟ್ಟಾದದ್ದೇ ತಡ, ತಾಯಿ ಫಾತಿಮಾಬಿ ಅವಳ ಆಟ ನಿಲ್ಲಿಸಿಬಿಟ್ಟರು. ಒಪ್ಪಿಸೋಣವೆಂದು ಮನೆಗೆ ಹೋದೆ.

"ಒಬ್ಬರನ್ನೊಬ್ಬರು ನೆಲಕ್ಕ ಕೆಡವೋದು ಎಂಥಾ ಆಟ್ರಿ ಸರ?" ಅಂದರು.

ಫೋನಿನಲ್ಲಿ ಫಿಜಿ ತಂಡದ ವಿಡಿಯೋ ತೋರಿಸಿದೆ. ಸಮುದ್ರದ ನಡುವಿನ ಆ ಪುಟ್ಟ ದೇಶಕ್ಕೆ ಒಲಿಂಪಿಕ್ಸಿನಲ್ಲಿ ಸಿಕ್ಕ ಮೊದಲ ಪದಕವೇ ಚಿನ್ನ, ಅದೂ ಏಳೇಳು ಜನ ಆಡುವ ಇದೇ ರಗ್ಬಿಯಲ್ಲಿ ಎಂದೆ. ಪದಕ ಹಾಕಿಸಿಕೊಳ್ಳಲು ಆ ಆಜಾನುಬಾಹುಗಳು ಒಬ್ಬೊಬ್ಬರಾಗಿ ಮೊಣಕಾಲೂರಿದರು.

"ಗೆದ್ದವರು ಯಾಕ ಹಂಗ ಕುಂತಾರ್ರಿ?"

"ಅವರ ಕಡೆ ಮರ್ಯಾದಿ ಕೊಡೋ ರೀತಿರಿ, ಅಮ್ಮಾ."

ಆಕೆ ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿ ನೋಡಿದರು.

"ಇಷ್ಟು ತಾಕತ್ತು ಇದ್ದೂ ತಲಿ ತಗ್ಗಿಸ್ಯಾರಲ್ರಿ. ನಾಳಿಂದ ಕಳಸ್ತೀನಿ."

ಹೊರಡುವಾಗ ನೋವಿನೆಣ್ಣೆಯ ಸೀಸೆಯೊಂದನ್ನು ಕೈಗಿಟ್ಟರು. ಫಿಜಿಯ ಚಿನ್ನಕ್ಕಿಂತ ನಮ್ಮ ತಂಡಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.