ಏಳು ಒಂದುಗಳ ಸಂಖ್ಯೆ

ಏಳು ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ, 1111111, ಅವಿಭಾಜ್ಯವಲ್ಲ. ಇದು ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು, ಗಿರೀಶ್. ಗೊತ್ತಿದ್ದೂ ನಿಮಗೆ ಸುಳ್ಳು ಹೇಳಿದೆ.

ಹೆಬ್ಬಾಳದಾಚೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಮತ್ತಿಕೆರೆಯ ಟ್ಯೂಷನ್ ಮನೆಯಲ್ಲಿ ನೀವು ಗಣಿತ, ನಾನು ವಿಜ್ಞಾನ. ಮಕ್ಕಳು ಹೋದ ಮೇಲೆ ಒಂದು ಸಂಜೆ ಬೋರ್ಡಿನ ಮೇಲೆ ಈ ಸಂಖ್ಯೆ ಬರೆದಿರಿ — ಹಸಿರು ಚಾಕ್‌ಪೀಸು ಎನ್ನುತ್ತೀರಿ ನೀವು, ನನ್ನ ನೆನಪಿನಲ್ಲಿ ಬಿಳಿ. ಎರಡೂ ನಾವು ಆಮೇಲೆ ಕಟ್ಟಿಕೊಂಡದ್ದಿರಬಹುದು. ಮಾತು ಮಾತ್ರ ಹಾಗೇ ಇದೆ.

"ಇದು ಒಡೀದಿದ್ರೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ ಮೇಡಂ. ಒಡೆದ್ರೆ... ಬಿಡಿ, ಟೀ ಕುಡ್ಯೋಣ."

ಹೆಣ್ಣು ಕೇಳುವುದಕ್ಕೆ ಇಂಥ ದಾರಿ ಹುಡುಕಿದವರು ನೀವೊಬ್ಬರೇ. ನಗು ಬಂತು. ನಿಮ್ಮಮ್ಮ ಬರಲಿ, ಬಂದೇ ಬರಲಿ ಎಂದುಕೊಂಡೆ. ಕ್ಯಾಲ್ಕುಲೇಟರ್ ಮುಟ್ಟುವಂತಿರಲಿಲ್ಲ. ಎರಡು, ಮೂರು, ಐದು, ಏಳು — ಅವಿಭಾಜ್ಯಗಳನ್ನು ಒಂದು ನಿಮಗೆ, ಮುಂದಿನದು ನನಗೆ ಎಂದು ಹಂಚಿಕೊಂಡು ಭಾಗಿಸುತ್ತ ಹೋದೆವು. ಸಾವಿರದ ಐವತ್ತನಾಲ್ಕರವರೆಗೆ ನೋಡಿದರೆ ಸಾಕು, ಒಡೆಯುವ ಸಂಖ್ಯೆಯಾದರೆ ಒಂದು ತುಂಡಾದರೂ ಅದರೊಳಗೇ ಸಿಕ್ಕಬೇಕು ಎಂದಿರಿ. ಎಷ್ಟು ಸಂಜೆಗಳೋ. ಅಷ್ಟು ಖುಷಿಯಿಂದ ನಾನು ಎಂದೂ ಭಾಗಾಕಾರ ಮಾಡಿಲ್ಲ.

239 ನನ್ನ ಪಾಲಿಗೆ ಬಂತು. 4649 ಸಲ ಸರಿಯಾಗಿ ಹೋಯಿತು, ಶೇಷ ಸೊನ್ನೆ. ಮತ್ತೆ ಮಾಡಿದೆ — ಸೊನ್ನೆಯೇ. ಆಚೆ ಬೆಂಚಿನಿಂದ ನೀವು ಕೇಳಿದಿರಿ: "ಏನ್ ಮೇಡಂ, ಹೋಯ್ತಾ?"

"ಹೋಗಲ್ಲ ಕಣ್ರೀ."

ಆಮೇಲೆ ಉಳಿದ ಅಷ್ಟನ್ನೂ ನಿಮ್ಮ ಜೊತೆ ಕೂತು ಗಂಭೀರವಾಗಿ ಭಾಗಿಸಿದೆ. ಕೊನೆಯದು ಮುಗಿದಾಗ ನೀವು ಕುಣಿದಿರಿ — ಕುಣಿದಿರೋ, ಬೆಂಚು ಎಡವಿದಿರೋ. ಆ ವಾರವೇ ನಿಮ್ಮಮ್ಮ ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಕೂತು, ಹುಡುಗನಿಗೆ ಲೆಕ್ಕ ಬಿಟ್ಟರೆ ಏನೂ ಬರುವುದಿಲ್ಲ ಎಂದು ಅಪ್ಪನಿಗೆ ಹೇಳುತ್ತಿದ್ದರು. ಒಳಗೆ ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದೆ.

ಬಂದವರಿಗೆಲ್ಲ ನೀವು ಈ ಕಥೆ ಹೇಳುತ್ತೀರಿ, ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ನನ್ನ ಪಾಲಿನ ಭಾಗಾಕಾರವನ್ನು ನೀವು ಒಮ್ಮೆಯೂ ತಿರುಗಿ ನೋಡಲಿಲ್ಲ — ಅದೇ ನನ್ನನ್ನು... ಒಡೆದರೆ ಬರೀ ಟೀ ಎಂದು ಹಿಂದೆ ಸರಿಯಲು ನೀವೊಂದು ದಾರಿ ಇಟ್ಟುಕೊಂಡಿದ್ದಿರಿ. ನಿಮಗೆ ತಿಳಿಸದೆ ಅದನ್ನು ಮುಚ್ಚಿದವಳು ನಾನು.

ಇವತ್ತು ಊಟಕ್ಕೆ ಕೂತಾಗ, ನಾಳೆ ಮಕ್ಕಳಿಗೆ ದೊಡ್ಡ ಅವಿಭಾಜ್ಯ ಸಂಖ್ಯೆಗೆ ಇದನ್ನೇ ಉದಾಹರಣೆ ಕೊಡುತ್ತೇನೆ ಎಂದಿರಿ. ಕೊಡಬೇಡಿ. ನನ್ನನ್ನು ನಂಬಿ ತಪ್ಪಿದವರು ನೀವೊಬ್ಬರೇ ಇರಲಿ. ಬೆಳಿಗ್ಗೆ ಕಾಫಿ ಕೊಡುವಾಗ ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಮುಖ ಹೇಗಾಗುತ್ತದೋ — ಹೇಗಾದರೂ ಆಗಲಿ, ಅಲ್ಲೇ ಎದುರಿಗೆ ನಿಂತಿರುತ್ತೇನೆ.