ಅಡುಗೆಮನೆಯಲ್ಲಿ ಪರಮಪ್ರಸಾದ

ಮಂಗಳೂರಿನಿಂದ ಬಂದು ಸಿಂಗಾಪುರದ ಚರ್ಚೊಂದರಲ್ಲಿ ನಾನು ಪಾದ್ರಿಯಾಗಿದ್ದೆ. ಒಂದು ಭಾನುವಾರ ಅಲ್ಲಿನ ಪುಂಗೋಲ್ ಬಡಾವಣೆಯಲ್ಲಿ ನಮ್ಮೂರ ಕುಟುಂಬವೊಂದು ಹೊಸ ಮನೆ ಆಶೀರ್ವದಿಸಲು ಕರೆಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಕೆಲಸದಾಕೆಯೂ ನಮ್ಮ ಕಡೆಯವಳೇ.

"ಚರ್ಚಿಗೆ, ಭಾನುವಾರದ ಪೂಜೆಗೆ ಬರದೆ ತಿಂಗಳುಗಳೇ ಆದವು, ಫಾದರ್," ಎಂದಳು.

ಮನೆಯೊಡತಿಯನ್ನು ವಿಚಾರಿಸಿದೆ.

"ಸಂಡೇನೇ ಗೆಸ್ಟ್ಸ್ ಬರೋದು, ಫಾದರ್. ಹೇಗೆ ಕಳಿಸ್ಲಿ?"

"ಅವಳಿಗೂ ಭಾನುವಾರ ಬೇಕಲ್ಲಮ್ಮ?"

ಅವರು ನಕ್ಕು ಊಟಕ್ಕೆ ಕರೆದರು. ನನಗೆ ಮೈಯುರಿಯಿತು. ರೋಗಿಗಳಿಗೆ ಕೊಡಲು ತಂದಿದ್ದ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ, ಬಿಲ್ಲೆಗಳಲ್ಲಿ ಒಂದನ್ನು ಅಡುಗೆಮನೆಯಲ್ಲೇ ಅವಳಿಗೆ ಕೊಟ್ಟೆ. ಕೈಯ ನೊರೆ ಒರೆಸಿಕೊಂಡು ಅವಳು ಮಂಡಿಯೂರಿದಳು. ಹೊರಗೆ ಅತಿಥಿಗಳು ಕಾಯುತ್ತಿದ್ದರು.

ಅತಿಥಿಗಳ ಮುಂದೆ ಅವಮಾನವಾಯಿತೆಂದು ಮರುವಾರದಿಂದ ಆ ಕುಟುಂಬ ಬೇರೆ ಚರ್ಚಿಗೆ ಹೋಗತೊಡಗಿತು. ಕೆಲಸದಾಕೆಯನ್ನು ಅಲ್ಲಿಗೂ ಕರೆತರುವುದಿಲ್ಲವೆಂದು ಅಲ್ಲಿನ ಪಾದ್ರಿ ಹೇಳಿದರು. ನನ್ನ ಸಿಟ್ಟಿನಿಂದ ಅವಳಿಗೆ ಒಂದು ಭಾನುವಾರವೂ ಸಿಗಲಿಲ್ಲ.