ಸುಧಿಯ ಉಪನಯನದ ಕ್ಯಾಸೆಟ್ಟು

ಸುಧಿಯ ಉಪನಯನದ ಕ್ಯಾಸೆಟ್ಟನ್ನು ಅಳಿಸಿದವಳು ನಾನು. ಆ ದಿನದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿರಬಹುದು — ಅದು ಬೇಸಿಗೆ ರಜೆಯೋ ದಸರಾ ರಜೆಯೋ, ಅಮ್ಮ ಮನೆಯಲ್ಲಿದ್ದಳೋ ಇಲ್ಲವೋ. ರೆಕಾರ್ಡ್ ಗುಂಡಿ ಒತ್ತಿದವಳು ನಾನೇ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಸುಧಿ ಅಡ್ಡಗದ್ದೆಯ ಚಿಕ್ಕಮ್ಮನ ಒಬ್ಬನೇ ಮಗ. ಆಗ ನೆಂಟರ ಪೈಕಿ ವಿಸಿಆರ್ ಇದ್ದದ್ದು ಕೊಪ್ಪದ ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಎಲ್ಲರ ಮದುವೆ ಮುಂಜಿಗಳ ಕ್ಯಾಸೆಟ್ಟುಗಳೂ ನಮ್ಮಲ್ಲೇ ಇರುತ್ತಿದ್ದವು. ಯಾರೂ ಅಳಿಸದಿರಲೆಂದು ವಿಡಿಯೊದವರು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದು ಕೊಡುತ್ತಿದ್ದರು. ಆ ತೂತಿನ ಮೇಲೆ ಪಟ್ಟಿ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ನನಗೆ ಗೊತ್ತಿತ್ತು. ಅಂಟಿಸಿದೆ. ಕೈತಪ್ಪಿ ಆಯಿತು ಎನ್ನಲು ದಾರಿಯಿಲ್ಲ. ಖಾಲಿ ಕ್ಯಾಸೆಟ್ ಇರಲಿಲ್ಲ. ಸುಧಿ ಕಣ್ಣೆದುರೇ ಓಡಾಡಿಕೊಂಡಿದ್ದ — ಅವನನ್ನು ಟಿವಿಯಲ್ಲೇ ನೋಡಬೇಕಾದ ಕಾಲ ಬರುತ್ತದೆಂದು...

ಜ್ವರ ಬಂದು ಹುಡುಗ ಹೋದ. ಅವನ ವರ್ಷಾಂತದ ತಿಥಿ ಕಳೆದ ಮೇಲೆ ಚಿಕ್ಕಮ್ಮ ಬಂದರು. "ಮಾಣಿ 'ಭವತಿ ಭಿಕ್ಷಾಂ ದೇಹಿ' ಅಂತ ನನ್ನ ಹತ್ರ ಕೇಳ್ತಾನಲ್ಲ, ಅಷ್ಟೇ ಹಾಕು ಮಾರಾಯ್ತಿ. ಅವನ ದನಿ ಒಂದ್ಸಲ ಕೇಳಿದ್ರೆ ಸಾಕು." ಮುಂಜಿಯಲ್ಲಿ ವಟು ಮೊದಲ ಭಿಕ್ಷೆ ಬೇಡುವುದು ತಾಯಿಯ ಹತ್ತಿರ.

ನಾನು ಹೇಳಿದೆ — "ಮಳೆಗಾಲಕ್ಕೆ ಬೂಷ್ಟು ಬಂದಿದೆ ಚಿಕ್ಕಮ್ಮ. ನಮ್ಮ ಮೆಶಿನ್ನಿಗೆ ಹಾಕಿದ್ರೆ ಹರಿದೇ ಹೋಗ್ತದೆ. ತುಂಬ ಒಳ್ಳೇ ಮೆಶಿನ್ ಬೇಕು."

ನಂಬಿದರು. ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಕಳೆದ ವರ್ಷ ಅವರ ಫೋನು. "ಹಳೇ ಕ್ಯಾಸೆಟ್ಟಿಗೆ ಈಗ ಭಾರಿ ಮೆಶಿನ್ ಸಿಗ್ತದಂತಲ್ಲೆ. ನೀ ಓದಿದವಳು, ನೀನೇ ಆರ್ಸು. ಕಡಿಮೇದು ತಂದು ನನ್ನ ತಲೆಗೆ ಕಟ್ಬೇಡ ಮತ್ತೆ."

ಆಗಲಾದರೂ ಹೇಳಬಹುದಿತ್ತು. ಹೇಳದೆ ಆರಿಸತೊಡಗಿದೆ. ನಮ್ಮ ದೇಶದಲ್ಲಿ ಬಳಸುವ 'ಪಾಲ್' ಪದ್ಧತಿಯ ಕ್ಯಾಸೆಟ್ಟುಗಳನ್ನು ಓಡಿಸುವಂಥದ್ದು, ಟೇಪು ಓದುವ ಹೆಡ್ಡು ಸವೆಯದ್ದು, ನಡುಗುವ ಚಿತ್ರವನ್ನು ತಾನೇ ನಿಲ್ಲಿಸಿ ತೋರಿಸುವಂಥದ್ದು — ಒಂದೊಂದರಲ್ಲೂ ಕುಂದು ಹುಡುಕಿ ತಿಂಗಳುಗಳನ್ನು ದೂಡಿದೆ. "ಎಂತದೆ, ಮೆಶಿನ್ನಿಗೂ ಜಾತಕ ಕೂಡಿಸ್ತಿದ್ದೀಯಾ?" ಎಂದು ಚಿಕ್ಕಮ್ಮ ನಕ್ಕರು. ಕೊನೆಕೊನೆಗೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಅಷ್ಟು ಒಳ್ಳೆಯ ಮೆಶಿನ್ನಾದರೆ ಅಳಿಸಿದ್ದರ ಅಡಿಯಿಂದಲೂ ಏನನ್ನಾದರೂ ಎತ್ತಿಕೊಟ್ಟೀತು ಎಂದು ನಾನೇ ನಂಬತೊಡಗಿದ್ದೆ.

ಕೊನೆಗೂ ಆರಿಸಿದ ಮೆಶಿನ್ನನ್ನು ಬೆಂಗಳೂರಿನ ರಿಪೇರಿಯವರೊಬ್ಬರು ಬಸ್ಸಿಗೆ ಹಾಕಿ ಕಳಿಸಿದರು. ಅಡ್ಡಗದ್ದೆಗೆ ಒಯ್ದಾಗ ಚಿಕ್ಕಮ್ಮ ಸೀರೆ ಬದಲಿಸಿ ಟಿವಿಯ ಮುಂದೆ ಕೂತಿದ್ದರು.

ಚಿತ್ರ ಬಂತು. ಒಂದು ಗೆರೆಯಿಲ್ಲ, ನಡುಕವಿಲ್ಲ. ಸಿನಿಮಾ ಹಾಡು. ನಡುವೆ ಸೋಪಿನ ಜಾಹೀರಾತು. ಪರೀಕ್ಷೆಗೆ ಬೇಕಾಗಿದ್ದ ಯಾವುದೋ ಉಪನ್ಯಾಸ ರೆಕಾರ್ಡ್ ಮಾಡಿದ್ದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನೆನಪು ನನಗೆ ಅಷ್ಟು ಉಪಕಾರ ಮಾಡಿತ್ತು.

"ಇದು ಬೇರೆ ಕ್ಯಾಸೆಟ್ಟೇನೆ?"

"ಅದೇ ಚಿಕ್ಕಮ್ಮ. ಅವತ್ತು ಬೂಷ್ಟು ಬಂದಿರ್ಲಿಲ್ಲ. ನಾನೇ ಅಳಿಸಿದ್ದು."

ನಿಲ್ಲಿಸಲು ಕೈ ಚಾಚಿದೆ. "ಇರ್ಲಿ. ಕಡೇ ತನಕ ಓಡ್ಲಿ," ಎಂದರು.

ಹಾಡುಗಳು ಮುಗಿದ ಮೇಲೆ ಉಪನಯನದ ಕೊನೆಯ ಸ್ವಲ್ಪ ಉಳಿದಿತ್ತು. ಊಟದ ಪಂಕ್ತಿ. ಪಾಯಸ ಬಡಿಸುವವರು. ಕಂಬದ ಪಕ್ಕ, ಬೋಳಿಸಿದ ತಲೆಯ ಸುಧಿ, ನಮಗೆ ಬೆನ್ನು ಮಾಡಿ. ವಿಡಿಯೊದವರು ಆ ಭಾಗಕ್ಕೆ ನಾದಸ್ವರ ತುಂಬಿದ್ದರು. ಯಾರ ಮಾತೂ ಕೇಳುವಂತಿರಲಿಲ್ಲ. ಅವನು ಈ ಕಡೆ ತಿರುಗುವಷ್ಟರಲ್ಲಿ ಟೇಪು ಮುಗಿಯಿತು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ ಎಂದು ಬರೆಯಹೊರಟೆ — ಅದೂ ನನ್ನ ಅನುಕೂಲದ ಮಾತೇ. ಸುಧಿಯ ಮುಖ ನನಗೆ ನೆನಪಿದೆ. ದನಿ ನೆನಪಿಲ್ಲ, ಎಷ್ಟು ತಡಕಿದರೂ ಇಲ್ಲ. ಹೊರಡುವಾಗ, ಕೇಳುವ ಹಕ್ಕು ಉಳಿದಿಲ್ಲವೆಂದು ತಿಳಿದೂ ಒಂದು ಮಾತು ಕೇಳಿದೆ —

"ಚಿಕ್ಕಮ್ಮ, ನಿಮಗಾದ್ರೂ ಅವನ ದನಿ ನೆನಪಿದೆಯಾ?"